ಬಾಕಿ ಮುನ್ನೂರ ನಲವತ್ತು

ಅಳತೆ ಪುಸ್ತಕದ ಎಪ್ಪತ್ತೊಂದನೇ ಹಾಳೆ
ಈಗಲೂ ಇದೆ:
ಬಕ್ಕೇಶ, ಎದೆ ಮೂವತ್ತೆರಡು, ಸೊಂಟ ಇಪ್ಪತ್ತಾರು,
ಪ್ಯಾಂಟು ‘ಉಸಿರು ಕಟ್ಟುವಷ್ಟು ಬಿಗಿ’,
ಅಪ್ಪನ ಅಕ್ಷರ, ಕೆಳಗೆ ಎರಡು ಗೆರೆ.
ಹಾಲೇಶ, ಇನಾಯತ್, ಡ್ರಮ್ಮಿನ ಪಾಲಾಕ್ಷ,
ಅವನ ತೋಳು ಮಾತ್ರ ಸಡಿಲ ಇರಬೇಕು.
ಒಟ್ಟು ನಾಲ್ಕು ಜಾಕೀಟು, ಸಾಟಿನ್ನು, ಚಿರತೆ ಚುಕ್ಕೆ,
ಬಾಕಿ ಮುನ್ನೂರ ನಲವತ್ತು.

ಚಮಕಿ ಹೊಲಿದವಳು ನಾನು.
ಎಸ್ಸೆಸ್ಸೆಲ್ಸಿ ರಜೆ, ಚೌಕಿಪೇಟೆಯ ಅಂಗಡಿ,
ಒಂದೊಂದು ಭುಜಕ್ಕೆ ಆರುನೂರು ಚಮಕಿ,
ಸೂಜಿ ಚುಚ್ಚಿದ ಬೆರಳು ಬಾಯಲ್ಲಿ.
‘ಯಾವ ನಾಟಕ ಕಂಪನಿ?’ ಅಂತ ಅಪ್ಪ ಕೇಳಿದ್ದ.
‘ನಾಟಕ ಅಲ್ಲ ಮಾಮ, ಮೆಟಲ್ಲು’ ಅಂದ ಬಕ್ಕೇಶ.
ಅಪ್ಪ ತಲೆಯಾಡಿಸಿ ಬರೆದುಕೊಂಡ:
ಪಾತ್ರೆ ಅಂಗಡಿ ಹುಡುಗರು.

ಮೊದಲ ಕ್ಯಾಸೆಟ್ಟು, ‘ಕಣ್ಣಿಗೆ ಕಾಡಿಗೆ, ಕೈಗೆ ಕರೆಂಟು’.
ಹೊದಿಕೆಯ ಮೇಲೆ ನಾಲ್ವರೂ,
ಸ್ಪ್ರೇ ಹೊಡೆದ ಕೂದಲು ಕಾಗೆಗೂಡು,
ತುಟಿಗೆ ಬಣ್ಣ; ನನ್ನ ಚಮಕಿಗೆ ಫ್ಲಾಷ್ ಬಿದ್ದು
ಮುಖಗಳೇ ಕಾಣುತ್ತಿರಲಿಲ್ಲ.
ಬಕ್ಕೇಶನ ದನಿ ಏಣಿಯಿಲ್ಲದೆ ಅಟ್ಟ ಹತ್ತುತ್ತಿತ್ತು.
ಹಾಲೇಶನ ಗಿಟಾರು ಹತ್ತಿ ಗಿರಣಿಯಲ್ಲಿ
ಏನೋ ಹರಿದ ಹಾಗೆ ಕಿರುಚಿ
ಮರುಗಳಿಗೆ ಸಿಹಿಯಾಗಿ ಅಳುತ್ತಿತ್ತು.
ಪ್ರತಿ ಹಾಡಲ್ಲೂ ಒಂದು ಹುಡುಗಿ, ಒಂದು ಬೈಕು,
ರಾತ್ರಿ, ಬೆಂಕಿ.
ದಾವಣಗೆರೆಯಲ್ಲಿ ಯಾವ ಹುಡುಗಿಯೂ
ಹಾಗೆ ಬೈಕು ಹತ್ತಿ ಹೋದದ್ದು ನನಗೆ ಗೊತ್ತಿಲ್ಲ.
ಆದರೂ ಕಾಜಾ ಹಾಕುವಾಗ ಅದನ್ನೇ ಹಚ್ಚುತ್ತಿದ್ದೆ,
ಬೆರಳು ಬೇಗ ಓಡುತ್ತಿತ್ತು.

ಮೂರು ವರ್ಷ ಬಿಟ್ಟು ಮತ್ತೆ ಬಂದರು.
ಕೂದಲು ಕತ್ತರಿಸಿದ್ದರು. ಪಾಲಾಕ್ಷನ ಹಣೆ
ಅಷ್ಟು ಅಗಲ ಅಂತ ಆವತ್ತೇ ನೋಡಿದ್ದು.
ಅಪ್ಪ ಟೇಪು ಕೊರಳಿಗೆ ಹಾಕಿಕೊಂಡು ಎದ್ದ.
‘ಅಳತಿ ಬ್ಯಾಡ ಮಾಮ,
ಈ ಸಲ ಮನ್ಯಾಗಿನ ಅಂಗೀನ ಸಾಕು.
ನೀನು ಮಷಿನ್ನು ತುಳೀತಿಯಲ್ಲ,
ಆ ಸಪ್ಪಳ ಬೇಕಿತ್ತು.’

ಅವಮಾನವೋ ಗೌರವವೋ ಅಪ್ಪನಿಗೆ ತಿಳಿಯಲಿಲ್ಲ.
ಇನಾಯತ್ ಮೈಕಿಗೆ ನಮ್ಮದೇ ಲೈನಿಂಗ್ ಚೂರು ಸುತ್ತಿದ.
ಸುಮ್ಮನೆ ತುಳಿದರೆ ಸದ್ದು ಸುಳ್ಳಾಗುತ್ತದೆಂದು
ಅಪ್ಪ ಒಂದು ದಿಂಬಿನ ಗವಸು ತೆಗೆದುಕೊಂಡು
ಹೊಲಿದ, ಬಿಚ್ಚಿದ, ಮತ್ತೆ ಹೊಲಿದ.
ಹೊರಗೆ ಸೈಕಲ್ ಗಂಟೆ, ಯಾರೋ ಯಾರನ್ನೋ ಬೈದದ್ದು.
‘ಇರ್ಲಿ ಬಿಡ್ರಿ’ ಅಂದ ಹಾಲೇಶ, ಅದನ್ನೂ ಹಿಡಿದುಕೊಂಡ.
ಬಾಕಿಯ ಮಾತು ಯಾರೂ ಎತ್ತಲಿಲ್ಲ.

ಎರಡನೆಯದರ ಹೆಸರು ‘ಗೇಟು ಬಿದ್ದೈತಿ’.
ಹೊದಿಕೆಯ ಮೇಲೆ ಅಶೋಕ ರಸ್ತೆಯ ರೈಲ್ವೆ ಗೇಟು,
ಕಾಯುತ್ತ ನಿಂತವರ ಬೆನ್ನು. ಅಷ್ಟೆ.
ಬಕ್ಕೇಶ ಪಕ್ಕದಲ್ಲಿ ಕೂತು ಮಾತಾಡಿದಂತೆ ಹಾಡಿದ್ದ,
ಕೆಲವು ಕಡೆ ಉಸಿರು ಸಾಲದೆ ಪದ ಮುರಿದಿತ್ತು,
ತಿದ್ದಿರಲಿಲ್ಲ.
ಪಾಲಾಕ್ಷ ಡ್ರಮ್ಮಿಗೆ ಟವೆಲು ಹೊದಿಸಿ ಬೆರಳಲ್ಲಿ ತಟ್ಟಿದ್ದ.
ಹುಡುಗಿ ಇದ್ದಳು, ಬೈಕು ಇರಲಿಲ್ಲ;
ಮಂಡಕ್ಕಿ ಭಟ್ಟಿಯಲ್ಲಿ ಉಪ್ಪುನೀರು ಚಿಮುಕಿಸುತ್ತಿದ್ದಳು,
ಹೆಸರು ಕೊನೆವರೆಗೂ ಹೇಳಲಿಲ್ಲ.

ಮೊದಲನೆಯದಕ್ಕೆ ಕುಣಿದ ಹಾಸ್ಟೆಲ್ ಹುಡುಗರು
ಇದನ್ನು ಅಂಗಡಿಗೆ ವಾಪಸ್ಸು ತಂದರಂತೆ:
‘ಟೇಪು ಸ್ಲೋ ಓಡ್ತೈತಿ, ಬ್ಯಾರೇದು ಕೊಡ್ರಿ.’

ನಾಲ್ಕನೇ ಹಾಡಿನ ನಡುವೆ
ಅಪ್ಪನ ಮಷಿನ್ನು ಬಂತು.
ಒಂದು ಓಟ, ನಿಲುಗಡೆ, ಬಿಚ್ಚಿದ ಜಾಗ, ಮತ್ತೆ ಓಟ.
ಅಪ್ಪ ಕಣ್ಣು ಮುಚ್ಚಿ ಕೇಳಿದ.
ಏನು ಹೇಳುತ್ತಾನೋ ಅಂತ ಕಾದೆ.
‘ಬೆಲ್ಟು ಸಡ್ಲ ಆಗೈತಿ’ ಅಂದ.
ಇಷ್ಟು ವರ್ಷ ತುಳಿದರೂ ಕಿವಿಗೆ ಬಿದ್ದಿರಲಿಲ್ಲ.
ಆ ಸಂಜೆಯೇ ಚರ್ಮದ ಪಟ್ಟಿ
ಒಂದು ಬೆರಳಷ್ಟು ಕತ್ತರಿಸಿ ಬಿಗಿ ಮಾಡಿದ.
ಅಲ್ಲಿಂದ ಆ ಸದ್ದು
ಕ್ಯಾಸೆಟ್ಟಿನಲ್ಲಿ ಮಾತ್ರ ಉಳಿಯಿತು.

ಹಾಳೆಗೆ ಅಪ್ಪ ಅಡ್ಡಗೆರೆ ಎಳೆಯಲಿಲ್ಲ,
ದುಡ್ಡು ಕೇಳಲೂ ಇಲ್ಲ.
ಒಳ್ಳೆಯದು ಯಾವುದು ಅಂದರೆ ಎರಡನೆಯದೇ, ಗೊತ್ತು.
ಆದರೆ ಮದುವೆ ಸೀಸನ್ನಿನಲ್ಲಿ
ಇಪ್ಪತ್ತು ಬ್ಲೌಸು ಮೈಮೇಲೆ ಬಿದ್ದಾಗ
ನಾನು ಹಚ್ಚುವುದು ಮೊದಲನೆಯದನ್ನು,
ಜೋರಾಗಿ.